ಪುಟ್ಟಸ್ವಾಮಣ್ಣ ತಪ್ಪೊಪ್ಪಿಕೊಂಡ ಚಳಿಗಾಲ

ದಿಲ್ಲಿಯ ಚಳಿಗಾಲ ಮಂಚದ ಕೆಳಗಿನಿಂದ ಶುರುವಾಗುತ್ತದೆ. ದೀಪಾವಳಿ ಕಳೆಯುತ್ತಿದ್ದಂತೆ ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸುಗಳಲ್ಲಿ ಮಂಚದಡಿಯ ತಗಡಿನ ಟ್ರಂಕುಗಳು ಹೊರಬೀಳುತ್ತವೆ. ರಜಾಯಿ, ಸ್ವೆಟರು, ಮಂಕಿ ಕ್ಯಾಪುಗಳೆಲ್ಲ ಬಾಲ್ಕನಿಯ ಬಿಸಿಲಿಗೆ ಬರುತ್ತವೆ, ಆಮೇಲೆ ಕೆಲವು ದಿನ ಇಡೀ ಸೆಕ್ಟರು ನುಸಿಗುಳಿಗೆಯ ವಾಸನೆ ಹೊಡೆಯುತ್ತದೆ. ಈ ಸಲ ಅಕ್ಕ ಟ್ರಂಕು ತೆಗೆದಾಗ ರಜಾಯಿಗಳ ಮಧ್ಯದಿಂದ ಒಂದು ಕರಿ ಕೋಟು ಬಂತು. ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಮೂರ್ತಿ ಅಂಕಲ್‌ಗೆ ಇದನ್ನಿನ್ನೂ ವಾಪಸು ಕೊಟ್ಟಿಲ್ಲವಾ ಎಂದು ಕೇಳಿದಳು. ನಾನು ಸೀನಿದೆ. ಸೀನು ಒಳ್ಳೆಯ ಉತ್ತರ, ಅದರ ಮೇಲೆ ಯಾರೂ ಇನ್ನೊಂದು ಪ್ರಶ್ನೆ ಕೇಳುವುದಿಲ್ಲ.

ಆ ಕೋಟು ತೊಟ್ಟುಕೊಂಡು ನಾನು ಒಂದು ಚಳಿಗಾಲದಲ್ಲಿ ಮ್ಯಾಜಿಸ್ಟ್ರೇಟ್ ಆಗಿದ್ದೆ.

ನನ್ನ ನಿಜವಾದ ಹುದ್ದೆ ಅಷ್ಟು ದೊಡ್ಡದಲ್ಲ. ಗುರುಗ್ರಾಮದ ಒಂದು ಕಂಪನಿಯಲ್ಲಿ, ಪ್ರಿಂಟರು ಕೆಟ್ಟವರಿಗೆ ಫೋನಿನಲ್ಲಿ ಸಮಾಧಾನ ಹೇಳುವ ಕೆಲಸ. ವಾಸ ಅಕ್ಕ-ಭಾವನ ಕ್ವಾರ್ಟರ್ಸಿನ ಹಿಂದಿನ ಕೋಣೆಯಲ್ಲಿ. ಅಲ್ಲಿ ಉಳಿಯಲು ನನಗಿದ್ದ ಅರ್ಹತೆ ಎಂದರೆ ನನ್ನ ಗಂಟಲು. ಮೆಟ್ರೋದ ಹೆಣ್ಣುದನಿ, ಸಚಿವಾಲಯದಿಂದ ಸುಸ್ತಾಗಿ ಬಂದ ಭಾವ ಶೂ ಬಿಚ್ಚುವಾಗ ಬಿಡುವ ನಿಟ್ಟುಸಿರು, ತರಕಾರಿ ಭಯ್ಯಾನ ಜೊತೆ ಕೊತ್ತಂಬರಿಗಾಗಿ ಜಗಳವಾಡುವ ಅಕ್ಕ, ಊಟದ ಕರೆ ಬಂದಾಗ ಮಾತ್ರ ಚುರುಕಾಗುವ ನಾನು, ಎಲ್ಲರನ್ನೂ ಮಾಡಿ ತೋರಿಸುತ್ತಿದ್ದೆ. ನನ್ನ ಮೇರುಕೃತಿ ಮೂರ್ತಿ ಅಂಕಲ್. ಅವರು ನಮ್ಮ ಮೇಲಿನ ಮನೆಯವರು, ಅಧೀನ ಕಾರ್ಯದರ್ಶಿ. ಪ್ರತಿ ವರ್ಷ ರಾಜ್ಯೋತ್ಸವಕ್ಕೆ ಇಲ್ಲಿನ ಕನ್ನಡದವರು ಆಡುವ ನಾಟಕಕ್ಕೆ ಅವರೇ ನಿರ್ದೇಶಕರು. ಬಾಯಿ ತೆರೆಯುವ ಮೊದಲು ಎರಡು ಸಲ ಕೆಮ್ಮಿ, “ಪಾಯಿಂಟ್ ನಂಬರ್ ಒನ್” ಅನ್ನುತ್ತಿದ್ದರು. ಪಾಯಿಂಟ್ ನಂಬರ್ ಟೂ ಇದೆಯೋ ಇಲ್ಲವೋ ಎಂದು ಯಾರೂ ಕಾದು ನೋಡಿದ್ದಿಲ್ಲ.

ಪುಟ್ಟಸ್ವಾಮಣ್ಣ ಟಿ. ನರಸೀಪುರದ ಕಡೆಯವರು. ಯಾವುದೋ ಸಂಸದರ ಕಾರು ಓಡಿಸಲು ದಿಲ್ಲಿಗೆ ಬಂದಿದ್ದರು. ಮುಂದಿನ ಚುನಾವಣೆಯಲ್ಲಿ ಸಂಸದರು ಸೋತು ಊರಿಗೆ ಹೋದರು, ಇವರು ಗೆದ್ದವರ ಹಾಗೆ ಇಲ್ಲೇ ಉಳಿದರು. ಮುನಿರ್ಕಾದ ಒಂದು ಗಲ್ಲಿಯಲ್ಲಿ ಹೆಂಡತಿ ಭಾಗ್ಯಕ್ಕನ ಜೊತೆ ಒಂಟಿ ಕೋಣೆಯ ಬಾಡಿಗೆ ಮನೆ. ಹಳೆಯದೊಂದು ವ್ಯಾನು ಕೊಂಡು ನಮ್ಮ ಸೆಕ್ಟರಿನ ಮಕ್ಕಳನ್ನು ಶಾಲೆಗೆ ಬಿಟ್ಟು ಕರೆತರುತ್ತಿದ್ದರು. ಬಿಳಿ ನಂಬರ್ ಪ್ಲೇಟಿನ ಸ್ವಂತದ ಗಾಡಿ. ಬಾಡಿಗೆಗೆ ಓಡಿಸುವ ಗಾಡಿಗೆ ಹಳದಿ ಪ್ಲೇಟು ಬೇಕು, ಪರ್ಮಿಟ್ಟು ಬೇಕು ಎಂದು ಸೆಕ್ಟರಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಎಲ್ಲರೂ ಸರ್ಕಾರಿ ನೌಕರರಾದ್ದರಿಂದ, ಗೊತ್ತಿದ್ದೂ ಗೊತ್ತಿಲ್ಲದಂತೆ ಇರುವುದು ಯಾರಿಗೂ ಕಷ್ಟವಾಗಿರಲಿಲ್ಲ.

ಅವರು ಬರುತ್ತಿದ್ದದ್ದು ಕಾವಳದೊಳಗಿನಿಂದ. ಎದುರಿನ ಬೇವಿನ ಮರವೂ ಕಾಣದಂಥ ಬೆಳಗಿನಲ್ಲಿ ಮೊದಲು ಹಾರ್ನು ಕೇಳಿಸುತ್ತಿತ್ತು, ಆಮೇಲೆ ಎರಡು ಹಳದಿ ದೀಪ, ಆಮೇಲೆ ಮಫ್ಲರು ಸುತ್ತಿದ ಒಂದು ಮುಖ. ಮಕ್ಕಳ ಬ್ಯಾಗು ಇಳಿಸಿಕೊಂಡು, ಕುಲಾವಿಯೊಳಗೆ ಕಿವಿ ಸೇರಿದೆಯೇ ಎಂದು ನೋಡಿ, ಒಬ್ಬೊಬ್ಬರನ್ನೇ ಎತ್ತಿ ಕೂರಿಸುತ್ತಿದ್ದರು. ಅವರು ಕನ್ನಡದಲ್ಲಿ ಮಾತಾಡಿಸಿದರೆ ಮಕ್ಕಳು ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದವು. ನನ್ನ ಅಕ್ಕನ ಮಗಳು ಧೃತಿ ಮಾತ್ರ ಎರಡನ್ನೂ ಕಲಸುತ್ತಿದ್ದಳು: “ಸ್ವಾಮಿ ಅಂಕಲ್, ರುಕೋ ನಾ, ಬಾಟಲ್ ಮರ್ತೋಯ್ತು.” ಅವರು ನಿಲ್ಲಿಸುತ್ತಿದ್ದರು. ಹಿಂದಿನ ಗಾಡಿಯವನು ಎಷ್ಟೇ ಬೈದರೂ ನಿಲ್ಲಿಸುತ್ತಿದ್ದರು. ನಾನು ಅವರನ್ನೂ ಬಿಟ್ಟಿರಲಿಲ್ಲ, ಗೇರು ಹಾಕುವಾಗ ಅವರು “ಶಿವಾ” ಎನ್ನುವುದನ್ನು ಅವರೆದುರೇ ಮಾಡಿ ತೋರಿಸಿದ್ದೆ. ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಂಡು, ನಾನು ಹಾಗಂತೀನಾ ಸಂತೋಷಪ್ಪ ಎಂದು ಕೇಳಿದ್ದರು, ಕೇಳಿ ಗೇರು ಹಾಕುತ್ತ “ಶಿವಾ” ಎಂದಿದ್ದರು.

ಆ ನವೆಂಬರಿನ ಕೊನೆಗೆ ಮೂರ್ತಿ ಅಂಕಲ್ ನಿವೃತ್ತರಾದರು. ಆಫೀಸಿನವರು ಶಾಲು ಹೊದಿಸಿ, ಗೋಡೆ ಗಡಿಯಾರ ಕೊಟ್ಟು, ಜೊತೆಗೆ ಒಂದು ವಿಸ್ಕಿ ಬಾಟಲಿಯನ್ನೂ ಬಣ್ಣದ ಕಾಗದದಲ್ಲಿ ಸುತ್ತಿ ಕೊಟ್ಟಿದ್ದರು. ಇಷ್ಟು ವರ್ಷ ಜೊತೆಗಿದ್ದವರಿಗೆ ಅವರ ಇಂಗ್ಲಿಷಿನ ಟಿಪ್ಪಣಿ ಗೊತ್ತಿತ್ತು, ಅವರು ಬೆಳ್ಳುಳ್ಳಿಯನ್ನೂ ಮುಟ್ಟದವರು ಎಂಬುದು ಗೊತ್ತಿರಲಿಲ್ಲ. ಅವತ್ತು ಮನೆಯಲ್ಲಿ ಊಟ. ಪುಟ್ಟಸ್ವಾಮಣ್ಣ ಬೆಳಗಿನಿಂದ ಕುರ್ಚಿ ತಂದರು, ಗ್ಯಾಸ್ ಸಿಲಿಂಡರ್ ತಂದರು, ನೆಂಟರನ್ನು ಸ್ಟೇಷನ್ನಿಗೆ ಬಿಟ್ಟು ಬಂದರು. ಸಂಜೆ ಎಲ್ಲ ಮುಗಿದ ಮೇಲೆ ಮೂರ್ತಿ ಅಂಕಲ್ ಬಾಟಲಿಯನ್ನು ಅವರ ಕೈಗಿಟ್ಟರು. ಚಳಿಗೆ ಇಟ್ಕೊಳಪ್ಪ, ನಮ್ಮನೇಲಿದ್ರೆ ನಿಮ್ಮ ಆಂಟಿ ನನ್ನನ್ನೇ ಹೊರಗಿಡ್ತಾಳೆ ಎಂದರು. ಅಲ್ಲಿದ್ದದ್ದು ಅವರಿಬ್ಬರು ಮತ್ತು ಒಂದು ಪಾತ್ರೆಯ ಡಬ್ಬ ಹೊತ್ತ ನಾನು.

ಮರುದಿನ ಬೆಳಿಗ್ಗೆ ಪುಟ್ಟಸ್ವಾಮಣ್ಣ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಭಾಗ್ಯಕ್ಕ ಕೊಟ್ಟ ಕಾಫಿ ಕುಡಿದು ಹೊರಟಿದ್ದಾರೆ. ರಾತ್ರಿ ಕುಡಿದದ್ದು ರಾತ್ರಿಯ ಜೊತೆಗೇ ಮುಗಿಯುತ್ತದೆ ಎಂದು ಅವರು ತಿಳಿದಿದ್ದರು. ಮೊದಲ ಮಗುವಿನ ಮನೆ ಮುಟ್ಟುವ ಮೊದಲೇ ಸಂಚಾರಿ ಪೊಲೀಸರು ಕಾವಳದಲ್ಲಿ ಕೈ ಅಡ್ಡ ಹಿಡಿದು ನಿಲ್ಲಿಸಿದರು. ಪೈಪಿಗೆ ಊದಲು ಹೇಳಿದರು. ಪುಟ್ಟಸ್ವಾಮಣ್ಣ ಶಂಖ ಊದುವ ಹಾಗೆ ಎದೆ ತುಂಬಿ ಊದಿದರಂತೆ. ಮೂವತ್ತು ದಾಟಬಾರದ ಅಂಕಿ ಅದರ ಎರಡರಷ್ಟನ್ನೂ ದಾಟಿತ್ತು. ಲೈಸೆನ್ಸು ಪೊಲೀಸರ ಜೇಬಿಗೆ ಹೋಯಿತು. ವ್ಯಾನನ್ನು ಕ್ರೇನು ಎಳೆದುಕೊಂಡು ಹೋಗಿ, ಹಿಡಿದ ಗಾಡಿಗಳನ್ನು ನಿಲ್ಲಿಸುವ ಬಯಲಿಗೆ ಸೇರಿಸಿತು.

ಅವರು ಅಲ್ಲಿಂದ ಮನೆಗೆ ಹೋಗಲಿಲ್ಲ. ನಡೆದುಕೊಂಡು ಮಕ್ಕಳ ಮನೆ ಮನೆಗೆ ಬಂದರು. ನಮ್ಮ ಬಾಗಿಲಲ್ಲಿ ನಿಂತು, “ವೀಣಕ್ಕ, ಇವತ್ತು ಪಾಪೂನ ಆಟೋದಲ್ಲಿ ಕಳ್ಸಿ, ಗಾಡಿ ಪೊಲೀಸ್ನೋರು ಇಟ್ಕೊಂಡವ್ರೆ,” ಎಂದರು. ಯಾಕೆ ಎಂದು ಕೇಳಿದ್ದಕ್ಕೆ ಮುಚ್ಚಿಡದೆ ಹೇಳಿದರು. ಅಕ್ಕ ಅವರನ್ನು ಕೂರಿಸಿ ಟೀ ಕೊಟ್ಟಳು. ಸೆಕ್ಟರಿನ ತಾಯಂದಿರೆಲ್ಲ ಅವತ್ತು ಪಾಪ ಎಂದರು. ಕುಡಿದದ್ದು ರಾತ್ರಿ, ಹಿಡಿದದ್ದು ಬೆಳಿಗ್ಗೆ, ಇದ್ಯಾವ ನ್ಯಾಯ ಎಂದರು.

ಪೊಲೀಸರು ಕೊಟ್ಟಿದ್ದ ಚೀಟಿಯಲ್ಲಿ ಬರೆದಿದ್ದ ಸೆಕ್ಷನ್ನನ್ನು ಭಾವ ಓದಿ ಬಿಡಿಸಿ ಹೇಳಿದರು. ಹತ್ತು ಸಾವಿರದವರೆಗೆ ದಂಡ, ಇಲ್ಲ ಆರು ತಿಂಗಳವರೆಗೆ ಜೈಲು, ಇಲ್ಲ ಎರಡೂ. ಉಳಿದ ಚಲನ್‌ಗಳ ಹಾಗೆ ಮೊಬೈಲಿನಲ್ಲಿ ಕಟ್ಟಿ ಮುಗಿಸುವಂತಿಲ್ಲ, ಕೋರ್ಟಿಗೆ ಹೋಗಿ ನಿಲ್ಲಲೇಬೇಕು. ಲೈಸೆನ್ಸು ಕೆಲವು ತಿಂಗಳು ಅಮಾನತಾಗುತ್ತದೆ. ಆದರೆ ಹೆದರಬೇಕಾದ್ದಿಲ್ಲ ಎಂದೂ ಹೇಳಿದರು. ಅವರ ಆಫೀಸಿನಲ್ಲೇ ಇಬ್ಬರು ಹೋಗಿ ಬಂದವರಿದ್ದರು. ತಪ್ಪಾಯಿತು ಎನ್ನುವುದು, ದಂಡ ಕಟ್ಟುವುದು, ಅವತ್ತಿನ ಕೋರ್ಟು ಮುಗಿಯುವ ತನಕ ಹಿಂದಿನ ಬೆಂಚಿನಲ್ಲಿ ಕೂರುವುದು, ಅಷ್ಟೇ. ಲೈಸೆನ್ಸು ಬರುವ ತನಕ ಮುನಿರ್ಕಾದ ಯಾರನ್ನಾದರೂ ಸ್ಟಿಯರಿಂಗಿಗೆ ಕೂರಿಸಿದರೆ ಮಕ್ಕಳು ಕೈತಪ್ಪುವುದಿಲ್ಲ. ಪುಟ್ಟಸ್ವಾಮಣ್ಣನ ಮುಖ ಸ್ವಲ್ಪ ಸಡಿಲವಾಯಿತು. ಆ ಗಂಡ ಹೆಂಡತಿ ದಿಲ್ಲಿಯಲ್ಲಿ ನಿಂತಿದ್ದದ್ದು ಆ ಗಾಡಿಯ ಮೇಲೆ, ಆ ಮಕ್ಕಳ ಮೇಲೆ. ಅದು ಉಳಿಯುತ್ತದೆ ಎಂದಾದರೆ ಉಳಿದದ್ದನ್ನು ತಡೆದುಕೊಳ್ಳಬಹುದಿತ್ತು.

ಆಗ ಬಾಗಿಲಲ್ಲಿ ಎರಡು ಸಲ ಕೆಮ್ಮು ಕೇಳಿಸಿತು.

ಮೂರ್ತಿ ಅಂಕಲ್‌ಗೆ ಅದು ನಿವೃತ್ತಿಯ ಮೊದಲ ವಾರ. ಬೆಳಿಗ್ಗೆ ಎದ್ದರೆ ಮುಂದೆ ಒಂದೂ ಫೈಲಿಲ್ಲ. ಬಾಟಲಿಯ ವಿಷಯ ಬೇರೆ ಒಳಗೆ ಕೊರೆಯುತ್ತಿತ್ತೆಂದು ಕಾಣುತ್ತದೆ, ಪುಟ್ಟಸ್ವಾಮಿಗೆ ನಾನಿದ್ದೇನೆ ಎಂದು ಮೂರು ಸಲ ಹೇಳಿದರು. ಪಾಯಿಂಟ್ ನಂಬರ್ ಒನ್: ಬರೀ ತಪ್ಪಾಯಿತು ಎನ್ನುವುದು ಅರ್ಧ ಸಲ್ಲಿಕೆ. ಮೇಲಿನವರ ಮುಂದೆ ಹೋಗುವ ಯಾವ ವಿಷಯವೂ ಪೂರ್ತಿ ಹೋಗಬೇಕು. ಹಿನ್ನೆಲೆ, ಸಂದರ್ಭ, ಪಶ್ಚಾತ್ತಾಪ, ಕೊನೆಯ ಪ್ಯಾರಾದಲ್ಲಿ ಕರುಣೆಗೆ ಆಧಾರ. ತಾವು ಸಂಸತ್ತಿನ ಪ್ರಶ್ನೆಗಳಿಗೇ ಉತ್ತರ ಬರೆದವರು, ಕೇಂದ್ರ ಸರ್ಕಾರವನ್ನೇ ಎಷ್ಟೋ ಸಲ ಬಚಾವು ಮಾಡಿದವರು. ಒಂದು ವ್ಯಾನು ಯಾವ ಲೆಕ್ಕ? ಭಾವ ಸಣ್ಣಗೆ ಏನೋ ಹೇಳಲು ಹೋದರು. ಆದರೆ ಭಾವ ಸೆಕ್ಷನ್ ಆಫೀಸರು, ಮೂರ್ತಿ ಅಂಕಲ್ ಅದಕ್ಕಿಂತ ಮೇಲಿನವರು. ನಿವೃತ್ತರಾದರೂ ಮೇಲೆ ಮೇಲೆಯೇ.

ಹೀಗೆ ನಮ್ಮ ನಾಟಕ ತಂಡಕ್ಕೆ ಆ ವರ್ಷ ಎರಡನೇ ನಾಟಕ ಸಿಕ್ಕಿತು.

ಮೂರ್ತಿ ಅಂಕಲ್‌ರ ಹಜಾರ ಆಗಲೇ ಅರ್ಧ ಖಾಲಿಯಾಗಿತ್ತು. ಮಯೂರ್ ವಿಹಾರ್‌ನ ಸೊಸೈಟಿಯಲ್ಲಿ ಅವರ ಸ್ವಂತ ಫ್ಲಾಟಿತ್ತು, ಸಾಮಾನು ಕಟ್ಟುತ್ತಿದ್ದರು. ನಾನು ಅವರ ಕರಿ ಕೋಟು ತೊಟ್ಟು ‘ದೇವರ ಸಾಮಾನು’ ಎಂದು ಬರೆದಿದ್ದ ಪೆಟ್ಟಿಗೆಯ ಮೇಲೆ ಮ್ಯಾಜಿಸ್ಟ್ರೇಟರಾಗಿ ಕೂತೆ. ನಿಜ ಹೇಳಬೇಕೆಂದರೆ ನಾನು ಕೋರ್ಟಿನ ಮೆಟ್ಟಿಲು ಕಂಡವನೇ ಅಲ್ಲ. ನನ್ನ ಮ್ಯಾಜಿಸ್ಟ್ರೇಟರು ಅರ್ಧ ಟೀವಿ ಧಾರಾವಾಹಿಯವರು, ಅರ್ಧ ನಮ್ಮ ಪ್ರೈಮರಿ ಶಾಲೆಯ ಹೆಡ್ ಮಾಸ್ತರು. ಗಂಟಲು ಆಳ, ಕನ್ನಡಕ ಮೂಗಿನ ತುದಿಗೆ, ಎದುರಿನವನು ಏನು ಹೇಳಿದರೂ ಪೂರ್ತಿ ಕೇಳುವ ತಾಳ್ಮೆ. ಮಧ್ಯೆ ಮಧ್ಯೆ ತಲೆದೂಗಿ, ಮುಂದೆ ಹೇಳಿ, ಸಂಕೋಚ ಬೇಡ ಎನ್ನುತ್ತಿದ್ದೆ. ಮ್ಯಾಜಿಸ್ಟ್ರೇಟರು ಮಾತಾಡದಿದ್ದರೆ ನನಗೆ ಪಾರ್ಟೇ ಇರುತ್ತಿರಲಿಲ್ಲವಲ್ಲ.

ಭಾಷಣ ಹಿಂದಿಯಲ್ಲಿ. ಪುಟ್ಟಸ್ವಾಮಣ್ಣನ ಹಿಂದಿ ರಸ್ತೆಯ ಹಿಂದಿ, ಅದರಲ್ಲಿ ಎಡ, ಬಲ ಮತ್ತು ಬೈಗುಳ ಮಾತ್ರ ಇದ್ದವು. ಮೂರ್ತಿ ಅಂಕಲ್‌ರದ್ದು ಕಚೇರಿಗಳಲ್ಲಿ ವರ್ಷಕ್ಕೆ ಹದಿನೈದು ದಿನ ಆಚರಿಸುವ ರಾಜಭಾಷಾ ಪಖವಾಡದ ಹಿಂದಿ. ‘ಮಹೋದಯ್, ಮೈ ಅಪನಾ ಅಪರಾಧ್ ಪೂರ್ಣತಃ ಸ್ವೀಕಾರ್ ಕರತಾ ಹೂಂ’ ಎಂಬಲ್ಲಿಂದ ಶುರು, ಸ್ವಾಮಿ, ನನ್ನ ಅಪರಾಧವನ್ನು ಪೂರ್ತಿಯಾಗಿ ಒಪ್ಪುತ್ತೇನೆ ಎಂದು. ಪೂರ್ಣತಃ ಎಂಬಲ್ಲಿ ಪುಟ್ಟಸ್ವಾಮಣ್ಣನ ನಾಲಿಗೆ ದಿನಾ ಪಂಕ್ಚರ್ ಆಗುತ್ತಿತ್ತು. ಆಮೇಲೆ ಹಿನ್ನೆಲೆ, ಸಂದರ್ಭ: ದುಡಿದು ದಣಿದಿದ್ದೆ, ಚಳಿಗೆ ಸ್ವಲ್ಪ ಕುಡಿದೆ, ಬೆಳಿಗ್ಗೆ ಇಳಿದಿದೆ ಎಂದುಕೊಂಡೆ. ಕೊನೆಯ ಪ್ಯಾರಾ ಮೂರ್ತಿ ಅಂಕಲ್‌ರ ಹೆಮ್ಮೆ: ಕೇಂದ್ರ ಸರ್ಕಾರದ ನೌಕರರ ಮಕ್ಕಳನ್ನು ವರ್ಷಗಳಿಂದ ದಿನಾ ಶಾಲೆಗೆ ಬಿಡುತ್ತಿದ್ದೇನೆ, ಅವತ್ತೂ ಅವರನ್ನು ಕರೆದುಕೊಳ್ಳಲೆಂದೇ ಹೊರಟಿದ್ದೆ, ಆ ಮಕ್ಕಳು ನನ್ನ ದಾರಿ ಕಾಯುತ್ತಿವೆ, ಅವರ ಮುಖ ನೋಡಿ ಕ್ಷಮಿಸಬೇಕು. ಅಲ್ಲಿ ಒಂದು ಗಳಿಗೆ ನಿಲ್ಲಬೇಕು, ತಲೆ ತಗ್ಗಿಸಬೇಕು. ಸರ್ಕಾರಿ ನೌಕರರ ಮಕ್ಕಳು ಎಂದ ಕೂಡಲೇ ಸರ್ಕಾರದ ಕುರ್ಚಿಯಲ್ಲಿ ಕೂತ ಯಾರಿಗೇ ಆದರೂ ಮನಸ್ಸು ಕರಗುತ್ತದೆ ಎಂದು ಅವರು ನಂಬಿದ್ದರು. ಅವರೊಬ್ಬರೇ ಅಲ್ಲ, ಸೆಕ್ಟರೇ ನಂಬಿತ್ತು. ಇಲ್ಲಿ ಎಲ್ಲರೂ ತಲೆಮಾರುಗಳಿಂದ ಪರಸ್ಪರರ ಅರ್ಜಿಗಳನ್ನು ಓದಿ ಕರಗಿಕೊಂಡೇ ಬದುಕಿದವರು.

ಸಂಜೆ ಸಂಜೆ ತಾಲೀಮು. ರಾಡ್ ಹೀಟರಿನ ಸುತ್ತ ಅಕ್ಕಪಕ್ಕದವರು ಕಡಲೆಕಾಯಿ ಸುಲಿಯುತ್ತ ಕೂರುತ್ತಿದ್ದರು. ಮೊದಮೊದಲು ಪುಟ್ಟಸ್ವಾಮಣ್ಣ ನನ್ನ ಕೋಟು ನೋಡಿಯೇ ನಗುತ್ತಿದ್ದರು. ಆಮೇಲೆ ನಗು ನಿಂತಿತು, ಮಾತು ಕೂತಿತು. ಕೊನೆಯ ಸಂಜೆ ಅವರು ಮಕ್ಕಳ ಪ್ಯಾರಾಕ್ಕೆ ಬಂದು ತಲೆ ತಗ್ಗಿಸಿದಾಗ ಅಕ್ಕ ಸೆರಗಿನಿಂದ ಕಣ್ಣೊತ್ತಿಕೊಂಡಳು. ಪೆಟ್ಟಿಗೆಯ ಮೇಲಿನ ಮ್ಯಾಜಿಸ್ಟ್ರೇಟರೂ ಕನ್ನಡಕ ತೆಗೆದು ಒರೆಸಿಕೊಂಡರು. ಹಿಂದಿ ಬಾರದ ಭಾಗ್ಯಕ್ಕ ಮಾತ್ರ ಬಾಗಿಲ ಪಕ್ಕ ಶಾಲು ಹೊದ್ದು ನಿಂತಿದ್ದವರು, ಕನ್ನಡದಲ್ಲಿ ಅರ್ಥ ಹೇಳಿಸಿಕೊಂಡು ಕೇಳಿದರು:

“ಇಷ್ಟೆಲ್ಲ ಹೇಳ್ಬೇಕಾ ಸಾರ್? ಅವ್ರು ಕೇಳ್ದೆ ಇದ್ರೂ?”

“ಕೇಳೋ ಮೊದ್ಲೇ ಹೇಳ್ಬೇಕಮ್ಮ. ಅದೇ ಅದರ ಬ್ಯೂಟಿ.”

“ಎಲ್ಲಿ ಕುಡ್ದೆ, ಯಾರು ಕೊಟ್ರು ಅಂತ ಕೇಳುದ್ರೆ?”

ಮೂರ್ತಿ ಅಂಕಲ್ ಕೆಮ್ಮಲಿಲ್ಲ. ಹೀಟರಿನ ಕೆಂಪು ತಂತಿ ನೋಡುತ್ತ, ಅದು ಅಪ್ರಸ್ತುತ ಎಂದರು.

ಕೋರ್ಟಿಗೆ ಹೋದ ದಿನ ಸೂರ್ಯ ಹುಟ್ಟಿದ್ದನೋ ಇಲ್ಲವೋ ಯಾರಿಗೂ ಗೊತ್ತಾಗಲಿಲ್ಲ. ಹೊಗೆ, ಕಾವಳ ಎರಡೂ ಬೆರೆತು ಕೋರ್ಟಿನ ಕಿಟಕಿಗಳು ಬೂದಿ ಬಳಿದ ಹಾಗಿದ್ದವು. ಒಳಗೆ ಜನವೋ ಜನ. ಮ್ಯಾಜಿಸ್ಟ್ರೇಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ನೆಗಡಿ ಆಗಿತ್ತು, ಕೈಯಲ್ಲಿ ಕರವಸ್ತ್ರ, ಪಕ್ಕದಲ್ಲಿ ಬಿಸಿನೀರಿನ ಫ್ಲಾಸ್ಕು. ಅವರು ತಲೆಯನ್ನೇ ಎತ್ತುತ್ತಿರಲಿಲ್ಲ. ಗುಮಾಸ್ತ ಹೆಸರು ಕೂಗುತ್ತಾನೆ, ಕುಡಿದು ಓಡಿಸಿದವನು ಮುಂದೆ ಬರುತ್ತಾನೆ, “ಗಲ್ತೀ ಮಾನ್‌ತೇ ಹೋ?” ತಪ್ಪು ಒಪ್ಪಿಕೊಳ್ಳುತ್ತೀಯಾ ಎಂದು ಮೇಡಂ ಕಾಗದಕ್ಕೇ ಕೇಳುತ್ತಾರೆ, ಅವನು “ಜೀ” ಎನ್ನುತ್ತಾನೆ, ದಂಡ ಹೇಳಿ ಬರೆಯುತ್ತಾರೆ, ಅವನು ಹೋಗಿ ಹಿಂದೆ ಕೂರುತ್ತಾನೆ. ಚರ್ಮದ ಜಾಕೆಟ್ಟಿನ ಹುಡುಗರು, ಮದುವೆಯ ಮೆಹೆಂದಿ ಅಂಗೈಯಲ್ಲಿ ಇನ್ನೂ ಕೆಂಪಗಿದ್ದ ಒಬ್ಬ ವರ, ಎಲ್ಲರೂ ಒಂದೊಂದು “ಜೀ” ಹೇಳಿ ದಾಟಿಹೋದರು. ಒಬ್ಬನಿಗೂ ಒಂದು ಸೀನಿನಷ್ಟು ಹೊತ್ತು ಹಿಡಿಯಲಿಲ್ಲ.

ನಾನು ಆಡಿದ ಮ್ಯಾಜಿಸ್ಟ್ರೇಟರು ಈ ಊರಿನಲ್ಲಿ ಎಲ್ಲೂ ಇರಲಿಲ್ಲ. ಪಕ್ಕದಲ್ಲಿದ್ದ ಮೂರ್ತಿ ಅಂಕಲ್‌ಗೆ ಪಿಸುಗುಟ್ಟಿದೆ, ಭಾಷಣ ಬೇಡ ಎಂದು ಅಣ್ಣನಿಗೆ ಹೇಳಿಬಿಡೋಣ. ಅವರು ಕೈಯೆತ್ತಿ ನನ್ನನ್ನು ಸುಮ್ಮನಾಗಿಸಿದರು. ಇವರೆಲ್ಲ ತಯಾರಾಗದೆ ಬಂದವರು ಎಂದರು.

ಪುಟ್ಟಸ್ವಾಮಿ ಎಂಬ ಹೆಸರನ್ನು ಗುಮಾಸ್ತ ಮೂರು ತುಂಡು ಮಾಡಿ ಕೂಗಿದ. ಅಣ್ಣ ಮುಂದೆ ಹೋದರು. ಗಲ್ತೀ ಮಾನ್‌ತೇ ಹೋ? ಜೀ. ಮೇಡಂ ಪೆನ್ನು ಓಡಿಸತೊಡಗಿದರು. ದಂಡದ ಮೊತ್ತ ಬಾಯಿಂದ ಹೊರಬಿತ್ತು, ಉಳಿದವರಿಗೆ ಹೇಳಿದ್ದೇ ಮೊತ್ತ. ಮುಗಿದಿತ್ತು. ಗುಮಾಸ್ತ ಮುಂದಿನ ಹೆಸರಿಗೆ ಬಾಯಿ ತೆರೆದೂ ಆಗಿತ್ತು.

“ಮಹೋದಯ್,” ಎಂದು ಶುರುಮಾಡಿದರು ಪುಟ್ಟಸ್ವಾಮಣ್ಣ, “ಮೈ ಅಪನಾ ಅಪರಾಧ್ ಪೂರ್ಣತಃ...”

ಎಂದೂ ಸರಿಹೋಗದ ಆ ಶಬ್ದ ಅವತ್ತು ತೊಳೆದಿಟ್ಟ ಹಾಗೆ ಬಂತು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಗುಮಾಸ್ತ ಸಾಕು ಹೋಗು ಎಂದು ಕೈ ಆಡಿಸಿದ. ಆದರೆ ಸಂಕೋಚ ಬೇಡ, ಮುಂದೆ ಹೇಳಿ ಎಂದು ಅಷ್ಟು ಸಂಜೆ ಕೇಳಿದ ಮನುಷ್ಯನಿಗೆ ಆ ಕೈ ಕಾಣಲಿಲ್ಲ. ಹಿನ್ನೆಲೆ ಹೇಳಿದರು, ಸಂದರ್ಭ ಹೇಳಿದರು. ಕೊನೆಯ ಪ್ಯಾರಾಕ್ಕೆ ಬಂದು, ಅವತ್ತೂ ಮಕ್ಕಳನ್ನು ಕರೆದುಕೊಳ್ಳಲೆಂದೇ ಹೊರಟಿದ್ದೆ ಎಂದು ತಲೆ ತಗ್ಗಿಸಿದರು.

ಮೇಡಂ ಅವತ್ತು ಮೊದಲ ಸಲ ತಲೆ ಎತ್ತಿದರು.

ಯಾವ ಮಕ್ಕಳು ಎಂದು ಕೇಳಿದರು. ಶಾಲೆಯ ಮಕ್ಕಳು. ಎಷ್ಟು ಮಕ್ಕಳು, ಯಾವ ಗಾಡಿ? ಕಾಗದ ತಿರುವಿದರು, ಇದು ಬಿಳಿ ಪ್ಲೇಟಿನ ಸ್ವಂತ ಬಳಕೆಯ ಗಾಡಿಯಲ್ಲವೇ ಎಂದರು. ಹೌದು ಎಂದರು ಅಣ್ಣ. ಪೊಲೀಸಿನವರ ಕಾಗದದಲ್ಲಿ ಮಕ್ಕಳ ಮಾತೇ ಇರಲಿಲ್ಲ. ಅವರು ಬರೆದುಕೊಂಡದ್ದು ಬರೀ ಒಂದು ಖಾಲಿ ವ್ಯಾನು, ಒಬ್ಬ ಮನುಷ್ಯ, ಒಂದು ಅಂಕಿ. ಉಳಿದದ್ದನ್ನೆಲ್ಲ ತಂದುಕೊಟ್ಟವರು ನಾವು. ಮೇಡಂ ದನಿ ಏರಿಸಲಿಲ್ಲ. ನೆಗಡಿಯ ದನಿಯಲ್ಲೇ, ಆ ಮಕ್ಕಳ ತಾಯಂದಿರು ಅವತ್ತು ಬಾಗಿಲು ತೆಗೆದು ಯಾರ ಕೈಗೆ ಮಕ್ಕಳನ್ನು ಕೊಡಲಿದ್ದರು, ಹೇಳಿ ಎಂದರು. ಅದಕ್ಕೆ ಭಾಷಣದಲ್ಲಿ ಉತ್ತರವಿರಲಿಲ್ಲ.

ಆಮೇಲೆ ಕೇಳಿದರು, ಆ ರಾತ್ರಿ ಎಲ್ಲಿ ಕುಡಿದೆ, ಯಾರು ಕೊಟ್ಟರು?

ಪುಟ್ಟಸ್ವಾಮಣ್ಣ ಹಿಂದಿರುಗಿ ನೋಡಲಿಲ್ಲ. ನೋಡಿದ್ದರೆ, ಮೂರ್ತಿ ಅಂಕಲ್ ತಮ್ಮ ಶೂಗಳನ್ನು ಎಷ್ಟು ಗಮನವಿಟ್ಟು ನೋಡುತ್ತಿದ್ದರೆಂದು ಅವರಿಗೆ ಕಾಣುತ್ತಿತ್ತು. ಯಾರ ತಿದ್ದುಪಡಿಯೂ ಇಲ್ಲದ ತಮ್ಮ ರಸ್ತೆಯ ಹಿಂದಿಯಲ್ಲಿ ಅವರು ಹೇಳಿದರು: “ಖುದ್ ಖರೀದಾ ಮೇಡಂ. ಅಪನೇ ಘರ್ ಮೇ ಪಿಯಾ.” ನಾನೇ ಕೊಂಡದ್ದು, ನನ್ನ ಮನೆಯಲ್ಲೇ ಕುಡಿದದ್ದು. ಅಷ್ಟೂ ಹೊತ್ತು ಅವರು ಹೇಳಿದ್ದರಲ್ಲಿ ಸುಳ್ಳೆಂದರೆ ಆ ‘ಖರೀದಾ’ ಒಂದೇ. ಸುಳ್ಳೆಂದು ಅನುಮಾನ ಬಾರದ ಮಾತೂ ಅದೊಂದೇ.

ಬರೆದಿದ್ದ ದಂಡವನ್ನು ಮೇಡಂ ಹೊಡೆದುಹಾಕಿ ಹೊಸದಾಗಿ ಬರೆದರು. ದಂಡದ ಜೊತೆಗೆ ಕೆಲವು ದಿನಗಳ ಸಾದಾ ಸಜೆ. ಲೈಸೆನ್ಸನ್ನು ಆರು ತಿಂಗಳು ಅಮಾನತಿನಲ್ಲಿಡಲು ಶಿಫಾರಸು. ಪರ್ಮಿಟ್ಟಿಲ್ಲದೆ ಮಕ್ಕಳನ್ನು ಸಾಗಿಸಿದ್ದಕ್ಕೆ ಪೊಲೀಸರು ಬೇರೆ ಕ್ರಮ ಕೈಗೊಳ್ಳಬೇಕು, ಗಾಡಿ ಅಲ್ಲಿಯವರೆಗೆ ಇದ್ದಲ್ಲೇ ಇರಬೇಕು. ಮೇಲಿನ ಕೋರ್ಟಿಗೆ ಹೋಗಬಹುದು ಎಂದೂ ಹೇಳಿದರು. ಆಮೇಲೆ ತಲೆ ತಗ್ಗಿತು, ಮುಂದಿನ ಹೆಸರು, ಮುಂದಿನ ಜೀ.

ಕೋರ್ಟಿನ ಕಾರಿಡಾರಿನಲ್ಲಿ ಪೇದೆ ಅಣ್ಣನ ಮೊಣಕೈ ಹಿಡಿದು ನಿಂತಿದ್ದ. ಕರಿ ಕೋಟಿನ ವಕೀಲನೊಬ್ಬ ಬಂದು, ಸಂಜೆಯೊಳಗೆ ಅಪೀಲು ಹಾಕಿ ಜಾಮೀನು ಕೊಡಿಸುತ್ತೇನೆ ಎಂದ. ಬಾಯಿ ಮುಚ್ಚಿಕೊಂಡು ಬಂದಿದ್ದರೆ ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರುತ್ತಿದ್ದಿರಿ ಎಂದೂ ಸೇರಿಸಿದ. ಮೂರ್ತಿ ಅಂಕಲ್ ವಕೀಲನನ್ನು ಪಕ್ಕಕ್ಕೆ ಸರಿಸಿ, ಜೇಬಿನ ಪೆನ್ನು ತೆಗೆದರು. ಅಪೀಲನ್ನು ನಾನೇ ಡ್ರಾಫ್ಟ್ ಮಾಡುತ್ತೇನೆ ಪುಟ್ಟಸ್ವಾಮಿ, ಈ ಸಲ ಗ್ರೌಂಡ್ಸು ಇನ್ನೂ ಗಟ್ಟಿಯಾಗಿ ಹಾಕೋಣ ಎಂದರು. ಅಣ್ಣ ಅವರ ಕೈ ಮೇಲೆ ಕೈಯಿಟ್ಟರು.

“ಸಾಕು ಸಾರ್. ಇನ್ನೇನೂ ಬರೀಬೇಡಿ.”

ಅದರಲ್ಲಿ ಕೋಪ ಇರಲಿಲ್ಲ. ಇದ್ದಿದ್ದರೆ ನಮಗೆ ಅನುಕೂಲವಾಗುತ್ತಿತ್ತು.

ಅಪೀಲಿಗೆ ಹೋಗದೆ ಸಜೆ ಮುಗಿಸಿ ಜೈಲಿನಿಂದ ಅವರು ಬರುವಷ್ಟರಲ್ಲಿ ಸೆಕ್ಟರಿನಲ್ಲಿ ಎಲ್ಲ ಬದಲಾಗಿತ್ತು. ಬೇರೆ ಹಳದಿ ಪ್ಲೇಟಿನ ವ್ಯಾನು ಬರತೊಡಗಿತ್ತು, ಅದರ ಡ್ರೈವರು ಇಳಿಯುವುದೇ ಇಲ್ಲ, ಹಾರ್ನು ಹೊಡೆದು ಕಾಯುತ್ತಾನೆ. ಮುನಿರ್ಕಾದ ಡ್ರೈವರನ್ನು ಕೂರಿಸುವ ಮಾತು ಯಾರಿಗೂ ನೆನಪಿರಲಿಲ್ಲ, ಕೂರಿಸಲು ಗಾಡಿಯೂ ಇರಲಿಲ್ಲ. ಧೃತಿಯನ್ನೂ ಅಕ್ಕ ಆ ಹೊಸ ವ್ಯಾನಿನಲ್ಲೇ ಕಳಿಸತೊಡಗಿದ ದಿನ ನಾನು ಜಗಳ ತೆಗೆದೆ. ತಾಲೀಮಿನಲ್ಲಿ ಅತ್ತವಳು ನೀನೇ ಅಲ್ವಾ ಎಂದು ಅವಳನ್ನೇ ಮಾಡಿ ತೋರಿಸಿದೆ, ಸೆರಗು, ಕಣ್ಣು, ಮೂಗು ಎಳೆದುಕೊಂಡದ್ದು, ಎಲ್ಲ. ಅಕ್ಕ ನಗಲಿಲ್ಲ, ಬೈಯಲೂ ಇಲ್ಲ.

“ಅವತ್ತು ನಾಟಕ ಅಂತ ಕೇಳ್ದೆ ಕಣೋ, ಅಳು ಬಂತು. ಆಮೇಲೆ ಕೋರ್ಟಲ್ಲಿ ಹೇಳಿದ್ದು ಅಂತ ನೀನೇ ಬಂದು ಹೇಳ್ದೆ, ಅದೇ ಮಾತು. ಆಗ ಕೈಕಾಲು ತಣ್ಣಗಾಯ್ತು. ಅವತ್ತು ಅವ್ರು ನನ್ ಮಗೂನೇ ಕರ್ಕೊಳೋಕೆ ಬರ್ತಿದ್ದಿದ್ದು ತಾನೆ?”

ಸೆರಗೆಂದು ಹೊದ್ದಿದ್ದ ಟವೆಲನ್ನು ನಾನು ಹೆಗಲಿನಿಂದ ತೆಗೆದೆ.

ಪುಟ್ಟಸ್ವಾಮಣ್ಣ ಗುರುಗ್ರಾಮದ ಒಂದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕಾವಲಿಗೆ ನಿಂತರು. ಒಳಗೆ ಬರುವ ಕಾರುಗಳಿಗೆ ಕಂಬ ಎತ್ತುವುದು, ಇಳಿಸುವುದು. ಭಾಗ್ಯಕ್ಕ ನಮ್ಮ ಸೆಕ್ಟರಿಗೆ ಬರುವುದನ್ನು ಬಿಟ್ಟರು. ಮೂರ್ತಿ ಅಂಕಲ್ ಗಣರಾಜ್ಯೋತ್ಸವಕ್ಕೆ ಮೊದಲೇ ಮಯೂರ್ ವಿಹಾರ್‌ಗೆ ಹೋದರು. ಹೋಗುವ ದಿನ ಮೆಟ್ಟಿಲಲ್ಲಿ ಸಿಕ್ಕಾಗ ಎರಡು ಸಲ ಕೆಮ್ಮಿದರು, ಪಾಯಿಂಟ್ ನಂಬರ್ ಒನ್ ಬರಲಿಲ್ಲ. ನನ್ನ ಹತ್ತಿರ ಉಳಿದಿದ್ದ ಕೋಟನ್ನು ಅವರೂ ಕೇಳಲಿಲ್ಲ, ನಾನೂ ಕೊಡಲಿಲ್ಲ.

ಅಮಾನತು ಮುಗಿದರೆ ಲೈಸೆನ್ಸು ತಾನಾಗಿ ಮನೆಗೆ ಬರುವುದಿಲ್ಲ. ತರಬೇತಿ ಕೇಂದ್ರಕ್ಕೆ ಹೋಗಿ, ಸುರಕ್ಷಿತವಾಗಿ ಓಡಿಸುವುದು ಹೇಗೆಂದು ಮತ್ತೆ ಪಾಠ ಕೇಳಿ, ಪ್ರಮಾಣಪತ್ರ ತರಬೇಕು. ಅಣ್ಣ ಹೋದರು. ನನ್ನ ವಯಸ್ಸಿನ ಒಬ್ಬ ಹುಡುಗ ಪರದೆಯ ಮೇಲೆ ಬೊಂಬೆಗಳನ್ನು ತೋರಿಸಿ, ಇದು ಕೆಂಪು ದೀಪ, ಇದು ಜೀಬ್ರಾ ಪಟ್ಟಿ ಎಂದು ಹೇಳಿದನಂತೆ. ಚೆನ್ನಾಗಿ ಹೇಳ್ಕೊಟ್ಟ ಸಂತೋಷಪ್ಪ ಎಂದರು ನನಗೆ. ಗೇಲಿ ಮಾಡಿದ್ದಲ್ಲ. ಗಾಡಿ ಬಿಡಿಸಿಕೊಳ್ಳುವ ಆದೇಶ ಸಿಗುವ ಹೊತ್ತಿಗೆ ದಿಲ್ಲಿಯ ಮೇಲೆ ಬಿಸಿಗಾಳಿ ಬೀಸತೊಡಗಿತ್ತು.

ಒಂದು ರಜೆಯ ಬೆಳಿಗ್ಗೆ ನಾನು ಅವರ ಜೊತೆ ಆ ಬಯಲಿಗೆ ಹೋದೆ. ಹಿಡಿದು ತಂದ ಗಾಡಿಗಳು ಸಾಲು ಸಾಲಾಗಿ ಧೂಳು ಮುಚ್ಚಿಕೊಂಡು ನಿಂತಿದ್ದವು. ನಮ್ಮ ವ್ಯಾನಿನ ಟೈರು ಕೂತಿತ್ತು. ಅಲ್ಲೇ ಪಕ್ಕದ ಪಂಕ್ಚರ್ ಅಂಗಡಿಯವನಿಂದ ಗಾಳಿ ಹಾಕಿಸಿ, ಬ್ಯಾಟರಿ ಚಾರ್ಜು ಮಾಡಿಸಿ, ಗಾಜು ಒರೆಸಿದೆವು. ಇಂಜಿನ್ನು ಗೊಣಗಿ ಗೊಣಗಿ ಎದ್ದಿತು. ಅಣ್ಣ ಒಳಗೆ ಕೂತು ಬಾಗಿಲು ಹಾಕಿಕೊಂಡರು. ಗೇರಿನ ಮೇಲೆ ಕೈಯಿಟ್ಟರು. ಇನ್ನೇನು ಶಿವಾ ಎನ್ನುತ್ತಾರೆ ಎಂದು ನಾನು ಕಾದೆ.

ಅವರು ಗೇರಿನಿಂದ ಕೈ ತೆಗೆದು ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು, ಉಸಿರು ಬಿಟ್ಟು, ಮೂಸಿ ನೋಡಿದರು. ಪೊಲೀಸರು ಹಿಡಿದ ಆ ಬೆಳಗಿನ ಮೇಲೆ ಅವರು ಒಂದು ಹನಿ ಮುಟ್ಟಿರಲಿಲ್ಲ, ಅದು ನನಗೆ ಗೊತ್ತಿತ್ತು. ಅವರಿಗೆ ಗೊತ್ತಿರಲಿಲ್ಲವೇ? ಮತ್ತೆ ಗೇರಿಗೆ ಕೈಯಿಟ್ಟರು, ಮತ್ತೆ ತೆಗೆದರು, ಮತ್ತೆ ಅಂಗೈಗೆ ಉಸಿರು. ವಾಸನೆ ಬರ್ತಿದೆಯಾ ನೋಡು ಎಂದು ಕೈಯನ್ನು ಕಿಟಕಿಯಿಂದ ನನ್ನ ಮೂಗಿಗೆ ಹಿಡಿದರು. ಇಲ್ಲಣ್ಣ, ಕಾಫಿ ವಾಸನೆ ಎಂದೆ. ಅವತ್ತೂ ಕಾಫಿ ಕುಡಿದಿದ್ದೆ ಎಂದರು.

ಕಾವಲಿನವನು ಬಂದು, ಗಾಡಿ ತೆಗೀರಿ, ದಾರಿಗೆ ಅಡ್ಡ ಇದೆ ಎಂದ. ಅಣ್ಣ ಇಳಿದು ಕೀಲಿಕೈ ನನ್ನ ಕೈಗಿಟ್ಟು, “ನೀನೇ ಓಡ್ಸಪ್ಪ,” ಎಂದರು. ನನಗೆ ಗಾಡಿ ಓಡಿಸಲು ಬರುವುದಿಲ್ಲ. ಓಡಿಸುವವರ ಹಾಗೆ ಮಾಡಲು ಮಾತ್ರ ಬರುತ್ತದೆ. ಅದನ್ನು ಹೇಳಿದಾಗ ಅವರು, ಹೌದಲ್ವಾ, ಮರೆತೇಹೋಗಿತ್ತು ಎಂದರು. ಇಂಜಿನ್ನು ಓಡುತ್ತಲೇ ಇತ್ತು. ಇಬ್ಬರೂ ಅದರ ಪಕ್ಕ ಬಿಸಿಲಲ್ಲಿ ನಿಂತಿದ್ದೆವು.

ಅಂಥ ಬಯಲುಗಳ ಗೇಟಿನಲ್ಲಿ ಹಳೆ ಗಾಡಿ ಕೊಳ್ಳುವವರು ಸದಾ ಇರುತ್ತಾರೆ. ಒಬ್ಬ ಬಂದು ವ್ಯಾನಿನ ಸುತ್ತ ಒಂದು ಸುತ್ತು ಬಂದು, ಮಾರ್ತೀರಾ ಎಂದ. ನಾನು ಬೇಡ ಎನ್ನುವಷ್ಟರಲ್ಲಿ ಅಣ್ಣ ತಲೆಯಾಡಿಸಿಬಿಟ್ಟಿದ್ದರು. ಕಾಗದಕ್ಕೆ ರುಜು ಹಾಕಿ, ಸೀಟಿನ ಕೆಳಗೆ ಕೈಯಾಡಿಸಿ ಏನೂ ಉಳಿದಿಲ್ಲವೆಂದು ನೋಡಿ, ಹೊರಗೆ ಬಂದರು. ಅವನು ನಮ್ಮೆದುರೇ ಗೇರು ಹಾಕಿಕೊಂಡು ಹೋದ.

ವಾಪಸು ಬರಲು ಬಸ್ಸು ಹತ್ತಿದೆವು. ಡ್ರೈವರಿನ ಹಿಂದಿನ ಸೀಟು ಖಾಲಿಯಿತ್ತು, ಅದನ್ನು ದಾಟಿ ಕೊನೆಯ ಸಾಲಿಗೆ ಹೋಗಿ ಕೂತರು. ಮುನಿರ್ಕಾ ಬಿಟ್ಟು ಊರಿಗೆ ಹೋಗೋದು ಅಂತ ಭಾಗ್ಯಂಗೆ ಹೇಳ್ಬೇಕು ಎಂದರು, ನನಗಲ್ಲ, ಕಿಟಕಿಗೆ. ಕಂಡಕ್ಟರು ಚೀಲ ಅಲ್ಲಾಡಿಸುತ್ತ ಹತ್ತಿರ ಬಂದ. ಪುಟ್ಟಸ್ವಾಮಣ್ಣ ಆತುರದಿಂದ ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು ಒಂದು ಸಲ ಉಸಿರು ಬಿಟ್ಟು ನೋಡಿಕೊಂಡರು, ಆಮೇಲೆ ಟಿಕೆಟ್ ಕೇಳಿದರು.